ಎಂಜಿನ್ ಕೆಲಸಕ್ಕೆ ಸಾಕೆಟ್ ಮತ್ತು ಸ್ಪ್ಯಾನರ್‌ಗಳನ್ನು ಆರಿಸುವ ಬಗೆ

ತಮ್ಮ ಬೈಕು ಅಥವಾ ಕಾರಿನ ಎಂಜಿನ್ನನ್ನು ತಾವೇ ಬಿಚ್ಚಿ ಕೂಡಿಸಬೇಕೆಂದು ಹೊರಟವರು ಮೊದಲಿಗೆ ಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಸಾಮಾನುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು. ಅದರಲ್ಲಿ 4 ಎಂ.ಎಂ.ನಿಂದ 32 ಎಂ.ಎಂ.ವರೆಗಿನ ಸಾಕೆಟ್‌ಗಳು ಸಾಲಾಗಿ ಹೊಳೆಯುತ್ತಿರುತ್ತವೆ. ಎಂಜಿನ್ನಿನ ಮುಂದೆ ಕುಳಿತ ಮೇಲೆ ಮಾತ್ರ, ಅವುಗಳಲ್ಲಿ ಮುಕ್ಕಾಲು ಪಾಲು ಎಂದೂ ಕೈಗೆ ಬರುವುದಿಲ್ಲವೆಂದೂ, ದಿನವೂ ಬೇಕಾಗುವ ಐದಾರು ಅಳತೆಗಳೇ ಆ ಪೆಟ್ಟಿಗೆಯಲ್ಲಿ ತೀರ ಸಾಧಾರಣ ಗುಣಮಟ್ಟದವೆಂದೂ ತಿಳಿಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎಂಜಿನ್ನಿನ ಬಳಿಗೆ ಹೋಗಬೇಕು. ಒಂದು ವರ್ನಿಯರ್ ಕ್ಯಾಲಿಪರ್, ಒಂದು ನೋಟ್‌ಬುಕ್ ಹಿಡಿದು ಯಾವ ಬೋಲ್ಟಿನ ತಲೆ ಎಷ್ಟು ಅಗಲ, ಅದರ ಸುತ್ತ ಎಷ್ಟು ಜಾಗವಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಬರೆದುಕೊಳ್ಳುವುದಕ್ಕೆ ಅರ್ಧ ದಿನ ಸಾಕು. ಕೊಳ್ಳಬೇಕಾದ್ದನ್ನು ಆ ಪಟ್ಟಿಯೇ ಹೇಳುತ್ತದೆ.

ನಂಬರ್ ಎಂದರೆ ಏನು

ಗ್ಯಾರೇಜಿನಲ್ಲಿ "ಹನ್ನೆರಡು ಹದಿಮೂರು ಕೊಡು" ಎಂದಾಗ ಆ ಸಂಖ್ಯೆ ಬೋಲ್ಟಿನ ದಪ್ಪವನ್ನು ಸೂಚಿಸುವುದಿಲ್ಲ. ಬೋಲ್ಟಿನ ತಲೆಯಲ್ಲಿ ಎದುರುಬದುರಾಗಿರುವ ಎರಡು ಚಪ್ಪಟೆ ಮುಖಗಳ ನಡುವಿನ ಅಂತರವನ್ನು ಸೂಚಿಸುತ್ತದೆ. ಬೋಲ್ಟನ್ನು ಎಂ6, ಎಂ8, ಎಂ10 ಎಂದು ಕರೆಯುವಾಗ ಮಾತ್ರ ಅದು ಥ್ರೆಡ್ಡಿನ ವ್ಯಾಸ. ಈ ಎರಡರ ನಡುವಿನ ಸಂಬಂಧ ಎಲ್ಲ ದೇಶಗಳ ಎಂಜಿನ್‌ಗಳಲ್ಲಿಯೂ ಒಂದೇ ಆಗಿಲ್ಲ. ಎಂ6 ಬೋಲ್ಟಿಗೆ ಬಹುತೇಕ ಎಲ್ಲೆಡೆ 10 ಎಂ.ಎಂ. ತಲೆಯಿರುತ್ತದೆ. ಎಂ8 ಬೋಲ್ಟಿಗೆ ಜಪಾನಿ ಪದ್ಧತಿಯ ವಾಹನಗಳಲ್ಲಿ 12, ಯುರೋಪಿನ ಪದ್ಧತಿಯವುಗಳಲ್ಲಿ 13. ಎಂ10ಕ್ಕೆ ಜಪಾನಿನಲ್ಲಿ 14, ಜರ್ಮನಿಯ ಹಳೆಯ ಡಿಐಎನ್ ಮಾನಕದಲ್ಲಿ 17, ಈಚಿನ ಐಎಸ್ಒ ಮಾನಕದಲ್ಲಿ 16. ಎಂ12ಕ್ಕೆ ಕ್ರಮವಾಗಿ 17, 19, 18. ಹಾಗಾಗಿ ಸುಜುಕಿ ಮೂಲದ ಮಾರುತಿ 800 ಇಟ್ಟುಕೊಂಡವರಿಗೆ 10, 12, 14, 17 ಎಂಬ ನಾಲ್ಕು ಅಳತೆಗಳು ಅನ್ನದಷ್ಟು ಅಗತ್ಯ; ಜರ್ಮನ್ ಕಾರು ಇಟ್ಟುಕೊಂಡವರು 10, 13, 16, 18 ಎಂಬ ಬೇರೆಯದೇ ಸಾಲಿನಲ್ಲಿ ಯೋಚಿಸಬೇಕು. ಒಂದೇ ಪೆಟ್ಟಿಗೆ ಇಬ್ಬರಿಗೂ ಹೊಂದುತ್ತದೆಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಆದರೆ ಇಬ್ಬರೂ ತಮಗೆ ಬೇಡದ ಅಳತೆಗಳಿಗೂ ಹಣ ಕೊಟ್ಟಿರುತ್ತಾರೆ.

ವರ್ನಿಯರ್‌ನಲ್ಲಿ ಅಳೆಯುವಾಗ ಒಂದು ಮಾತು ನೆನಪಿರಲಿ. ಹೊಸ ಬೋಲ್ಟಿನ ತಲೆಯೂ ಹೆಸರಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿಯೇ ಇರುತ್ತದೆ, 10 ಎಂ.ಎಂ. ತಲೆ 9.8 ಎಂದೂ 13 ಎಂ.ಎಂ. ತಲೆ 12.8 ಎಂದೂ ತೋರಿದರೆ ಅದು ಸರಿಯಾದ ಅಳತೆಯೇ. ಆದರೆ 12.5 ಎಂದೋ 13.3 ಎಂದೋ ಬಂದರೆ ನಿಂತು ಯೋಚಿಸಬೇಕು: ಒಂದೋ ತಲೆ ತುಕ್ಕಿಗೆ ಸವೆದಿದೆ, ಇಲ್ಲವೇ ಆ ಬೋಲ್ಟು ಮೆಟ್ರಿಕ್ ಜಾತಿಯದಲ್ಲ.

ಈ ಎರಡನೆಯ ಸಾಧ್ಯತೆ ನಮ್ಮಲ್ಲಿ ಅಪರೂಪವೇನಲ್ಲ. ಮಹೀಂದ್ರಾದವರು ಜೋಡಿಸಿ ಮಾರಿದ ಹಳೆಯ ವಿಲ್ಲೀಸ್ ಜೀಪಿನ ಎಂಜಿನ್ ಅಮೆರಿಕದ ಇಂಚಿನ ಅಳತೆಯದು. ಅಲ್ಲಿ 1/2 ಇಂಚು ಎಂದರೆ 12.7 ಎಂ.ಎಂ.; 13ರ ಸಾಕೆಟ್ ಅದಕ್ಕೆ ಕೂರುತ್ತದೆ, ಆದರೆ ಆಡುತ್ತದೆ, ಗಟ್ಟಿ ಬೋಲ್ಟಿನ ಮೇಲೆ ಮೂಲೆಗಳನ್ನು ತಿನ್ನುತ್ತದೆ. 9/16 ಇಂಚು ಎಂದರೆ 14.3, ಅದಕ್ಕೆ 14 ಹಿಡಿಸುವುದಿಲ್ಲ, 15 ಸಡಿಲ. 3/4 ಇಂಚು ಮಾತ್ರ 19.05 ಆದ್ದರಿಂದ 19ರಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದು. ಹಳೆಯ ಬುಲೆಟ್‌ಗಳಲ್ಲಿ ಇನ್ನೂ ಗೋಜಲಿನ ಬ್ರಿಟಿಷ್ ಅಳತೆಗಳು ಸಿಗುತ್ತವೆ. ವಿಟ್‌ವರ್ತ್ ಎಂಬ ಪದ್ಧತಿಯ ಸ್ಪ್ಯಾನರ್ ಮೇಲೆ ಕೆತ್ತಿರುವುದು ತಲೆಯ ಅಗಲವಲ್ಲ, ಬೋಲ್ಟಿನ ವ್ಯಾಸ. 1/4 ವಿಟ್‌ವರ್ತ್ ಎಂದು ಬರೆದ ಸ್ಪ್ಯಾನರಿನ ಬಾಯಿ ನಿಜಕ್ಕೂ 0.525 ಇಂಚು, ಅಂದರೆ 13.3 ಎಂ.ಎಂ. ಇದರ ಮೇಲೆ, ಬಿಎಸ್ಎಫ್ ಎಂಬ ಸಣ್ಣ ಥ್ರೆಡ್ಡಿನ ಬೋಲ್ಟುಗಳ ತಲೆ ಒಂದು ಅಳತೆ ಕಿರಿದಾಗಿರುವುದರಿಂದ, 1/4 ವಿಟ್‌ವರ್ತ್ ಸ್ಪ್ಯಾನರ್ 5/16 ಬಿಎಸ್ಎಫ್ ಬೋಲ್ಟಿಗೆ ಸರಿಹೊಂದುತ್ತದೆ. ಇಂಥ ಎಂಜಿನ್ ಇದ್ದವರು ಮೆಟ್ರಿಕ್ ಸ್ಪ್ಯಾನರ್ ಹಿಡಿದು ಹೊಂದಿಸಿಕೊಳ್ಳಲು ನೋಡದೆ, ಗುಜರಿಯಲ್ಲಿ ಹುಡುಕಿಯಾದರೂ ಸರಿಯಾದ ಮೂರು ನಾಲ್ಕು ಸ್ಪ್ಯಾನರ್‌ಗಳನ್ನು ತರುವುದು ಲೇಸು. ಹಳೆಯ ಇಂಗ್ಲಿಷ್ ಸ್ಪ್ಯಾನರ್‌ಗಳ ಉಕ್ಕು ಇಂದಿಗೂ ಚೆನ್ನಾಗಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಂಥ ಕಡೆ ಭಾನುವಾರ ಬೆಳಿಗ್ಗೆ ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ನನಗಂತೂ ತೋಚಿಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಈ ತಲೆನೋವಿಲ್ಲ. ಅವುಗಳ ವಿನ್ಯಾಸ ಜೆಕೊಸ್ಲೊವಾಕಿಯಾದ್ದಾದ್ದರಿಂದ ಅಳತೆಗಳೂ ಮೆಟ್ರಿಕ್ಕೇ.

ಹಿಡಿಯ ಚೌಕ

ಸಾಕೆಟ್ಟಿನ ಒಂದು ಬದಿಯಲ್ಲಿ ಬೋಲ್ಟಿಗೆ ಕೂರುವ ಬಾಯಿ, ಇನ್ನೊಂದು ಬದಿಯಲ್ಲಿ ರ‍್ಯಾಚೆಟ್ ಹಿಡಿ ಕೂರುವ ಚೌಕ ರಂಧ್ರ ಇರುತ್ತದೆ. ಈ ಹಿಡಿ ಬೋಲ್ಟನ್ನು ಒಂದು ದಿಕ್ಕಿಗೆ ಮಾತ್ರ ತಿರುಗಿಸುತ್ತದೆ, ಹಿಂದಕ್ಕೆ ತಂದಾಗ ಸುಮ್ಮನೆ ಕಟಕಟನೆ ಸರಿಯುತ್ತದೆ. ಮೆಟ್ರಿಕ್ ಸಾಕೆಟ್‌ಗಳಲ್ಲಿಯೂ ಈ ಚೌಕವನ್ನು ಜಗತ್ತಿನಾದ್ಯಂತ ಇಂಚಿನಲ್ಲಿಯೇ ಹೇಳುತ್ತಾರೆ: 1/4, 3/8, 1/2, ಲಾರಿಗಳಿಗೆ 3/4. ನಮ್ಮ ಅಂಗಡಿಗಳಲ್ಲಿ ಕೇಳಿದ ಕೂಡಲೇ ತೆಗೆದುಕೊಡುವುದು 1/2 ಇಂಚಿನದು. ಚಕ್ರದ ನಟ್ಟು, ಸಸ್ಪೆನ್ಷನ್, ಫ್ಲೈವೀಲ್ ಇವಕ್ಕೆ ಅದು ತಕ್ಕುದು. ಆದರೆ ಎಂಜಿನ್ನಿನ ಮೇಲೆ ಇರುವ ಬೋಲ್ಟುಗಳಲ್ಲಿ ಹೆಚ್ಚಿನವು ಎಂ6 ಮತ್ತು ಎಂ8, ಅವುಗಳಲ್ಲಿಯೂ ಬಹಳಷ್ಟು ಅಲ್ಯೂಮಿನಿಯಂಗೆ ಇಳಿದಿರುವಂಥವು. ಅವಕ್ಕೆ ಅರ್ಧ ಇಂಚಿನ ಉದ್ದ ಹಿಡಿ ಅಪಾಯಕಾರಿ.

ಲೆಕ್ಕ ಹಾಕಿ ನೋಡಿ. 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಹತ್ತು ಕಿಲೋ ತೂಕದಷ್ಟು ಎಳೆದರೆ, ಅದು ಬಲವಾದ ಕೈಗೆ ಏನೂ ಅಲ್ಲದ ಎಳೆತ, ಬೋಲ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 20 ನ್ಯೂಟನ್ ಮೀಟರ್. ಕ್ರ್ಯಾಂಕ್‌ಕೇಸ್ ಕವರಿನ ಎಂ6 ಬೋಲ್ಟಿಗೆ ಮ್ಯಾನುವಲ್‌ಗಳು ಸಾಮಾನ್ಯವಾಗಿ ಹೇಳುವುದು 10ರ ಆಸುಪಾಸು. ಅಂದರೆ ಯೋಚಿಸದೆ ಎಳೆದ ಒಂದು ಎಳೆತ ಬೇಕಾದ್ದರ ಎರಡರಷ್ಟು. ಬೋಲ್ಟು ಉಳಿದರೂ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇದೇ ಎಳೆತವನ್ನು 40 ಸೆಂ.ಮೀ. ಹಿಡಿಯಲ್ಲಿ ಹಾಕಿದರೆ ನಾಲ್ಕರಷ್ಟು. ಈ ಕಾರಣಕ್ಕೇ ಒಳ್ಳೆಯ ಸ್ಪ್ಯಾನರ್ ಸೆಟ್ಟಿನಲ್ಲಿ 10ರ ಸ್ಪ್ಯಾನರ್ ಗೇಣುದ್ದಕ್ಕಿಂತ ಗಿಡ್ಡವಾಗಿಯೂ 17, 19ರವು ಉದ್ದವಾಗಿಯೂ ಇರುತ್ತವೆ. ಉದ್ದವೇ ಅಲ್ಲಿ ಕೈಯನ್ನು ತಡೆಯುತ್ತದೆ. ರ‍್ಯಾಚೆಟ್ಟಿಗೆ ಆ ವಿವೇಕವಿಲ್ಲ.

ಹೀಗಾಗಿ ಎಂಜಿನ್ನಿಗೆಂದೇ ಒಂದೇ ಒಂದು ಸೆಟ್ ಕೊಳ್ಳುವುದಾದರೆ 3/8 ಇಂಚಿನದನ್ನು ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 8ರಿಂದ 19ರವರೆಗೆ ಅದು ನಿಭಾಯಿಸುತ್ತದೆ, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. ಬೈಕಿನ ಕೆಲಸವೇ ಹೆಚ್ಚಾಗಿದ್ದರೆ ಜೊತೆಗೆ 1/4 ಇಂಚಿನ ಸಣ್ಣ ಹಿಡಿಯನ್ನು ಸೇರಿಸಬಹುದು. ಅರ್ಧ ಇಂಚಿನಲ್ಲಿ ಬೇಕಾಗುವುದು ಉದ್ದದ ಬ್ರೇಕರ್ ಬಾರ್ ಒಂದು, ದೊಡ್ಡ ಸಾಕೆಟ್ ಎರಡು ಮೂರು ಮಾತ್ರ. ಹಠ ಹಿಡಿದ ಬೋಲ್ಟನ್ನು ಮೊದಲು ಕದಲಿಸುವುದು ಬ್ರೇಕರ್ ಬಾರಿನ ಕೆಲಸ, ಕದಲಿದ ಮೇಲೆ ಬಿಚ್ಚುವುದು ರ‍್ಯಾಚೆಟ್ಟಿನ ಕೆಲಸ. ರ‍್ಯಾಚೆಟ್ಟಿನ ಹಿಡಿಗೆ ಪೈಪು ಸಿಕ್ಕಿಸಿ ಎಳೆಯುವವರು ಅದರೊಳಗಿನ ಪುಟ್ಟ ಹಲ್ಲುಗಳ ಮೇಲೆ ಇಡೀ ಮೈಭಾರ ಹಾಕುತ್ತಿರುತ್ತಾರೆ.

ಹಲ್ಲಿನ ವಿಷಯ ಬಂದದ್ದರಿಂದ ಹೇಳುತ್ತೇನೆ. 24 ಹಲ್ಲಿನ ರ‍್ಯಾಚೆಟ್ ಒಂದು ಸಲ ಕಚ್ಚಿಕೊಳ್ಳಲು 15 ಡಿಗ್ರಿ ತಿರುಗಬೇಕು; 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಆಲ್ಟರ್ನೇಟರ್ ಮತ್ತು ಬ್ಲಾಕಿನ ನಡುವೆ ಕೈ ತೂರಿಸಿದಾಗ ಈ ಹತ್ತು ಡಿಗ್ರಿಯೇ ಕೆಲಸ ಸಾಗುವುದಕ್ಕೂ ಬಿಡುವುದಕ್ಕೂ ಇರುವ ವ್ಯತ್ಯಾಸ.

ಆರು ಮೂಲೆ, ಹನ್ನೆರಡು ಮೂಲೆ

ನಮ್ಮ ಮಾರುಕಟ್ಟೆಯಲ್ಲಿ ಬೈ-ಹೆಕ್ಸ್ ಎಂದು ಮಾರುವ ಹನ್ನೆರಡು ಮೂಲೆಯ ಸಾಕೆಟ್‌ಗಳೇ ಹೆಚ್ಚು. ಅವನ್ನು ಪ್ರತಿ 30 ಡಿಗ್ರಿಗೊಮ್ಮೆ ಕೂರಿಸಬಹುದಾದ್ದರಿಂದ ಟಾಮಿ ಎಂಬ ನೇರ ಸರಳನ್ನು ಹಾಕಿ ತಿರುಗಿಸುವವರಿಗೆ ಅನುಕೂಲ. ರ‍್ಯಾಚೆಟ್ ಇದ್ದವರಿಗೆ ಆ ಅನುಕೂಲದಿಂದ ಲಾಭವೇನೂ ಇಲ್ಲ, ನಷ್ಟ ಮಾತ್ರ ಇದೆ: ಹನ್ನೆರಡು ಮೂಲೆಯ ಸಾಕೆಟ್ ಬೋಲ್ಟಿನ ಮೂಲೆಗೆ ತೀರ ಹತ್ತಿರದಲ್ಲಿ ಒತ್ತುತ್ತದೆ, ಆರು ಮೂಲೆಯದು ಚಪ್ಪಟೆ ಮುಖದ ಮೇಲೆ ಹೆಚ್ಚು ಅಗಲವಾಗಿ ಒತ್ತುತ್ತದೆ. ಹೊಸ, ಶುದ್ಧ ಬೋಲ್ಟಿನ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಬಿಸಿಗೆ ಬೆಂದು ತುಕ್ಕು ತಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್ಟಿನ ಮೇಲೆ ಕಾಣುತ್ತದೆ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರಿನ 12ರ ಮ್ಯಾನಿಫೋಲ್ಡ್ ನಟ್ಟೊಂದರ ಮೇಲೆ ಬೈ-ಹೆಕ್ಸ್ ಸಾಕೆಟ್ ಇಟ್ಟು ಅವಸರದಲ್ಲಿ ಎಳೆದೆ. ಸಾಕೆಟ್ ಜಾರಿ ನಟ್ಟಿನ ಮೂಲೆಗಳೆಲ್ಲ ಗುಂಡಗಾದವು, ಬೆರಳ ಗೆಣ್ಣಿನ ಚರ್ಮ ರೇಡಿಯೇಟರ್ ಫ್ಯಾನಿನ ಚೌಕಟ್ಟಿಗೆ ಹೋಯಿತು. ಕೊನೆಗೆ ಉಳಿಯಿಂದ ಆ ನಟ್ಟನ್ನು ಸೀಳಿ ತೆಗೆಯಬೇಕಾಯಿತು. ಹತ್ತು ನಿಮಿಷದ ಕೆಲಸ ಇಡೀ ಮಧ್ಯಾಹ್ನವನ್ನು ನುಂಗಿತು.

ಹನ್ನೆರಡು ಮೂಲೆಯದನ್ನು ಪೂರ್ತಿ ಬಿಟ್ಟುಬಿಡುವಂತೆಯೂ ಇಲ್ಲ, ಏಕೆಂದರೆ ಕೆಲವು ಎಂಜಿನ್‌ಗಳ ಕನೆಕ್ಟಿಂಗ್ ರಾಡ್ ಬೋಲ್ಟುಗಳ ತಲೆಯೇ ಹನ್ನೆರಡು ಮೂಲೆಯದಾಗಿರುತ್ತದೆ. ಅಂಥ ಅಳತೆಯನ್ನು ಬಿಡಿಯಾಗಿ ಒಂದು ಕೊಂಡರೆ ಸಾಕು.

ಸಾಕೆಟ್ಟಿನ ಬಾಯಂಚನ್ನೂ ನೋಡಬೇಕು. ಬೋಲ್ಟಿನ ಮೇಲೆ ಸುಲಭವಾಗಿ ಕೂರಲೆಂದು ಅಂಚನ್ನು ಒಳಕ್ಕೆ ಇಳಿಜಾರಾಗಿ ಕೆತ್ತಿರುತ್ತಾರೆ. ಈ ಇಳಿಜಾರು ಹೆಚ್ಚಾದಷ್ಟೂ ತೆಳು ತಲೆಯ ಬೋಲ್ಟನ್ನು ಹಿಡಿಯಲು ಉಳಿಯುವ ಜಾಗ ಕಡಿಮೆ. ಅನುಭವಿ ಮೆಕ್ಯಾನಿಕ್‌ಗಳು ಹಳೆಯ ಸಾಕೆಟ್ ಒಂದರ ಬಾಯನ್ನು ಗ್ರೈಂಡರಿನಲ್ಲಿ ಸಮತಟ್ಟಾಗಿ ಉಜ್ಜಿ, ತೆಳು ನಟ್ಟುಗಳಿಗೆಂದೇ ಬೇರೆ ಇಟ್ಟುಕೊಂಡಿರುತ್ತಾರೆ.

ಸ್ಪ್ಯಾನರ್‌ಗಳು

ಎಲ್ಲವನ್ನೂ ಸಾಕೆಟ್ಟಿನಿಂದ ಬಿಚ್ಚಲಾಗುವುದಿಲ್ಲ. ಪೈಪಿನ ಯೂನಿಯನ್ ನಟ್ಟು, ಟ್ಯಾಪೆಟ್ಟಿನ ಲಾಕ್‌ನಟ್, ಕಾರ್ಬ್ಯುರೇಟರ್ ಬುಡದ ನಟ್ಟು ಇವಕ್ಕೆ ಸ್ಪ್ಯಾನರೇ ಗತಿ. ನಮ್ಮಲ್ಲಿ ಎರಡೂ ಕಡೆ ಬಾಯಿರುವ ಡಬಲ್ ಎಂಡ್ ಸ್ಪ್ಯಾನರ್ 6-7, 8-9, 10-11, 12-13, 14-15, 16-17, 18-19, 20-22 ಎಂಬ ಜೋಡಿಗಳಲ್ಲಿ ಬರುತ್ತದೆ. ರಿಂಗ್ ಸ್ಪ್ಯಾನರ್‌ಗಳ ಜೋಡಿಯೂ ಇದೇ. ಇದರಲ್ಲಿ ಒಂದು ತೊಡಕಿದೆ. ಬೋಲ್ಟಿನ ತಲೆಯೂ ಅದರ ಹಿಂದಿನ ನಟ್ಟೂ 12ರದೇ ಆಗಿದ್ದರೆ ಒಂದನ್ನು ತಡೆದು ಹಿಡಿಯಲು, ಇನ್ನೊಂದನ್ನು ತಿರುಗಿಸಲು ಎರಡು 12 ಬೇಕು, ಸೆಟ್ಟಿನಲ್ಲಿರುವುದು ಒಂದೇ. ಒಂದು ತುದಿ ತೆರೆದ ಬಾಯಿ, ಮತ್ತೊಂದು ತುದಿ ಅದೇ ಅಳತೆಯ ರಿಂಗ್ ಇರುವ ಕಾಂಬಿನೇಷನ್ ಸ್ಪ್ಯಾನರ್‌ಗಳ ಸೆಟ್ ಒಂದು, ಕುತ್ತಿಗೆ ಬಗ್ಗಿದ ರಿಂಗ್ ಸ್ಪ್ಯಾನರ್‌ಗಳ ಸೆಟ್ ಒಂದು ಇದ್ದರೆ ಈ ತೊಡಕು ತಾನಾಗಿ ನಿವಾರಣೆಯಾಗುತ್ತದೆ. ಟಪಾರಿಯಾದಂಥ ಭಾರತೀಯ ತಯಾರಿಕೆಯ ಇಂಥ ಸ್ಪ್ಯಾನರ್‌ಗಳು ಮನೆಯ ಕೆಲಸಕ್ಕೆ ಧಾರಾಳವಾಗಿ ಸಾಕು, ಬಿಡಿಬಿಡಿಯಾಗಿಯೂ ದೊರೆಯುತ್ತವೆ.

ತೆರೆದ ಬಾಯಿ ಎರಡೇ ಮುಖಗಳನ್ನು ಹಿಡಿಯುತ್ತದೆ, ಜೋರು ಹಾಕಿದರೆ ಅದರ ದವಡೆ ಅಗಲವಾಗುತ್ತದೆ. ಆದ್ದರಿಂದ ಬಿಗಿಯನ್ನು ಮುರಿಯುವುದಕ್ಕೂ ಕೊನೆಯ ಬಿಗಿತಕ್ಕೂ ರಿಂಗ್, ನಡುವಿನ ಸುತ್ತುಗಳಿಗೆ ತೆರೆದ ಬಾಯಿ. ಆ ಬಾಯಿ ಹಿಡಿಗೆ ನೇರವಾಗಿರದೆ 15 ಡಿಗ್ರಿ ಓರೆಯಾಗಿರುವುದು ಸುಮ್ಮನೆ ಅಲ್ಲ. ಒಂದು ಸಲ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಾಕಿದರೆ, 30 ಡಿಗ್ರಿ ಮಾತ್ರ ಆಡಿಸಲು ಜಾಗವಿರುವಲ್ಲಿಯೂ ನಟ್ಟನ್ನು ಬಿಚ್ಚಿಕೊಂಡು ಹೋಗಬಹುದು. ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಪೈಪಿನ ನಟ್ಟುಗಳಿಗೆ, ಅವು ಸಾಮಾನ್ಯವಾಗಿ 17 ಅಥವಾ 19, ಪೈಪು ತೂರುವಷ್ಟು ಮಾತ್ರ ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರನ್ನು ಎಂಜಿನ್ನಿನ ಹತ್ತಿರಕ್ಕೆ ತರಬೇಡಿ; ಅದು ನಲ್ಲಿ ರಿಪೇರಿಗೆ ಇರಲಿ.

ಬೈಕಿನ ಕವರುಗಳಲ್ಲಿ ತಲೆಯೊಳಗೆ ಆರು ಮೂಲೆಯ ಗುಳಿಯಿರುವ ಅಲೆನ್ ಬೋಲ್ಟುಗಳಿದ್ದರೆ ಎಂ6ಕ್ಕೆ 5ರ, ಎಂ8ಕ್ಕೆ 6ರ ಅಲೆನ್ ಕೀ ಬೇಕು. ತುದಿ ಸವೆದ ಅಲೆನ್ ಕೀಯನ್ನು ಮುಲಾಜಿಲ್ಲದೆ ಎಸೆಯಿರಿ, ಅಥವಾ ಸವೆದಷ್ಟು ತುಂಡರಿಸಿ ಬಳಸಿ.

ಆಳದ ಬೋಲ್ಟು, ಸ್ಪಾರ್ಕ್ ಪ್ಲಗ್

10, 12, 14ರ ಅಳತೆಗಳಲ್ಲಿ ಗಿಡ್ಡ ಸಾಕೆಟ್ಟಿನ ಜೊತೆಗೆ ಉದ್ದ ಸಾಕೆಟ್ಟನ್ನೂ ಇಟ್ಟುಕೊಳ್ಳಬೇಕು. ಸ್ಟಡ್ಡಿನ, ಅಂದರೆ ತಲೆಯಿಲ್ಲದ ಉದ್ದ ಬೋಲ್ಟಿನ, ಮೇಲೆ ಕುಳಿತ ನಟ್ಟಿಗೆ ಗಿಡ್ಡದು ತಲುಪುವುದಿಲ್ಲ. ಎಕ್ಸ್‌ಟೆನ್ಷನ್ 75 ಎಂ.ಎಂ.ನದೊಂದು, 150ರದೊಂದು, ಇಳಿಜಾರಿನ ಜಾಗಗಳಿಗೆ ಯೂನಿವರ್ಸಲ್ ಜಾಯಿಂಟ್ ಒಂದು.

ಸ್ಪಾರ್ಕ್ ಪ್ಲಗ್ಗಿನ ಸಾಕೆಟ್ ಕೊಳ್ಳುವಾಗ ಪ್ಲಗ್ಗನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಉತ್ತಮ. ಹಳೆಯ ಕಾರು, ಬೈಕುಗಳ 14 ಎಂ.ಎಂ. ಥ್ರೆಡ್ಡಿನ ಪ್ಲಗ್ಗಿಗೆ 20.8 ಎಂ.ಎಂ. ತಲೆ, ಅದನ್ನೇ ಅಂಗಡಿಯಲ್ಲಿ 21 ಎನ್ನುತ್ತಾರೆ. ಈಚಿನ ಅನೇಕ ಕಾರುಗಳಲ್ಲಿ ಅದೇ ಥ್ರೆಡ್ಡಿಗೆ 16ರ ತಲೆ. ಬೈಕುಗಳ 12 ಎಂ.ಎಂ. ಥ್ರೆಡ್ಡಿನದಕ್ಕೆ 18, 10 ಎಂ.ಎಂ. ಥ್ರೆಡ್ಡಿನ ಸಣ್ಣ ಪ್ಲಗ್ಗಿಗೆ 16. ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವ ಸಾಕೆಟ್ಟನ್ನೇ ಆರಿಸಬೇಕು, ಅದು ಪ್ಲಗ್ಗನ್ನು ಬೀಳದಂತೆ ಹಿಡಿಯುತ್ತದೆ; ಬಿದ್ದರೆ ಪ್ಲಗ್ಗಿನ ಪಿಂಗಾಣಿ ಸೀಳಬಹುದು. ಪಿಂಗಾಣಿ ಸೀಳಿದ ಪ್ಲಗ್ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಎಂಜಿನ್ ಮಾತ್ರ ಕಿಡಿ ತಪ್ಪಿ ಮುಗ್ಗರಿಸುತ್ತದೆ.

ಟಾರ್ಕ್ ರೆಂಚ್

ಬೋಲ್ಟನ್ನು ಅಳತೆಯಿಟ್ಟು ಬಿಗಿಸುವ ಉಪಕರಣ ಇದು. ಬಿಗಿ ಎಷ್ಟೆಂದು "ಕೈಯೇ ಹೇಳುತ್ತದೆ" ಎನ್ನುವ ಮೇಸ್ತ್ರಿಗಳ ಮೇಲೆ ನನಗೆ ಗೌರವವಿದೆ, ಅವರು ಅದೇ ಎಂಜಿನ್ನನ್ನು ನೂರಾರು ಸಲ ಕಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಹೆಡ್ ಬಿಚ್ಚುವ ನಮ್ಮ ಕೈ ಏನನ್ನೂ ಹೇಳುವುದಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಅದರ ವ್ಯಾಪ್ತಿಯನ್ನು. ಕ್ಲಿಕ್ ಸದ್ದು ಮಾಡುವ ಸಾಮಾನ್ಯ ಟಾರ್ಕ್ ರೆಂಚ್ ತನ್ನ ಗರಿಷ್ಠ ಅಳತೆಯ ಐದನೆಯ ಒಂದು ಭಾಗಕ್ಕಿಂತ ಕೆಳಗೆ ನಂಬಲರ್ಹವಲ್ಲ; ಆದ್ದರಿಂದ 200 ನ್ಯೂಟನ್ ಮೀಟರಿನ ಅರ್ಧ ಇಂಚಿನ ರೆಂಚ್ 40ರ ಕೆಳಗೆ ಕೆಲಸಕ್ಕೆ ಬಾರದು. ಎಂಜಿನ್ನಿನ ಬಹುಪಾಲು ಬೋಲ್ಟುಗಳು ಇರುವುದು 40ರ ಕೆಳಗೇ: ಎಂ6ಕ್ಕೆ ಸುಮಾರು 10, ಎಂ8ಕ್ಕೆ 20ರಿಂದ 25, ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಎಂ.ಎಂ. ಪ್ಲಗ್ಗಿಗೆ 25ರಿಂದ 30, 10 ಎಂ.ಎಂ. ಪ್ಲಗ್ಗಿಗೆ 10ರಿಂದ 12. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ 3/8 ಇಂಚಿನ, 10ರಿಂದ 50ರ ವ್ಯಾಪ್ತಿಯದನ್ನು ಕೊಂಡು, ದೊಡ್ಡದನ್ನು ಹೆಡ್ ಬಿಚ್ಚುವ ದಿನ ಯಾರಿಂದಲಾದರೂ ಕಡ ತರಬಹುದು. ಹಳೆಯ ಮ್ಯಾನುವಲ್‌ಗಳು ಕೆಜಿ-ಮೀಟರಿನಲ್ಲಿ ಅಳತೆ ಕೊಟ್ಟಿದ್ದರೆ 9.8ರಿಂದ ಗುಣಿಸಬೇಕು. ನಿಮ್ಮ ಎಂಜಿನ್ನಿನ ಮ್ಯಾನುವಲ್ ಹೇಳುವ ಸಂಖ್ಯೆ ಮೇಲಿನವುಗಳಿಗಿಂತ ಬೇರೆಯಾಗಿದ್ದರೆ ಮ್ಯಾನುವಲ್ಲಿನದೇ ಕೊನೆಯ ಮಾತು.

ನೇರವಾದ ಎಕ್ಸ್‌ಟೆನ್ಷನ್ ಹಾಕಿದರೆ ಟಾರ್ಕ್ ಬದಲಾಗುವುದಿಲ್ಲ. ಆದರೆ ರೆಂಚಿನ ಮುಂದಕ್ಕೆ ಅದೇ ಸಾಲಿನಲ್ಲಿ ಕ್ರೋಫೂಟ್ (ಚೌಕಕ್ಕೆ ಸಿಕ್ಕಿಸುವ, ತೆರೆದ ಬಾಯಿಯ ಸ್ಪ್ಯಾನರ್ ತುಂಡು) ಜೋಡಿಸಿದರೆ ಹಿಡಿ ಉದ್ದವಾದಂತೆ ಆಗುತ್ತದೆ. ರೆಂಚಿನ ಉದ್ದ 400 ಎಂ.ಎಂ., ಕ್ರೋಫೂಟ್ ಸೇರಿಸಿದ ಉದ್ದ 50 ಎಂ.ಎಂ., ಬೇಕಾದ ಬಿಗಿ 45 ಎಂದಾದರೆ, ರೆಂಚನ್ನು 45ಕ್ಕೆ 400ರಿಂದ ಗುಣಿಸಿ 450ರಿಂದ ಭಾಗಿಸಿದ ಸಂಖ್ಯೆಗೆ, ಅಂದರೆ 40ಕ್ಕೆ ಹೊಂದಿಸಬೇಕು. ಕ್ರೋಫೂಟನ್ನು ಹಿಡಿಗೆ ಲಂಬವಾಗಿ ತಿರುಗಿಸಿಕೊಂಡರೆ ಈ ಲೆಕ್ಕವೇ ಬೇಡ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಗುರುತಿಗೆ ಇಳಿಸಿಡಬೇಕು, ಬೋಲ್ಟು ಬಿಚ್ಚಲು ಈ ರೆಂಚನ್ನು ಎಂದಿಗೂ ಬಳಸಬಾರದು. ಈಚಿನ ಹಲವು ಎಂಜಿನ್‌ಗಳ ಹೆಡ್ ಬೋಲ್ಟುಗಳಿಗೆ ಮೊದಲು ಟಾರ್ಕ್, ಅನಂತರ ಇಂತಿಷ್ಟು ಡಿಗ್ರಿ ತಿರುಗಿಸುವ ಕ್ರಮವಿದೆ. ಅಂಥವಕ್ಕೆ ಕೋನ ತೋರಿಸುವ ಗೇಜ್ ಬೇಕು. ಅವುಗಳಲ್ಲಿ ಬಹಳಷ್ಟು ಬೋಲ್ಟುಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ.

ಅಂಗಡಿಯಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ, ಸವೆಯದ ತಲೆಯ ಎಂ6 ಮತ್ತು ಎಂ8 ಬೋಲ್ಟುಗಳೆರಡನ್ನು ಜೇಬಿನಲ್ಲಿ ಒಯ್ಯಿರಿ. ಸಾಕೆಟ್ಟನ್ನು ಬೋಲ್ಟಿಗೆ ಕೂರಿಸಿ ಎಡಬಲ ಅಲ್ಲಾಡಿಸಿದಾಗ ಆಟ ಎಷ್ಟಿದೆಯೆಂದು ಬೆರಳಿಗೇ ತಿಳಿಯುತ್ತದೆ. ಬಾಯಿಯ ಕಡೆಯಿಂದ ನೋಡಿದಾಗ ಗೋಡೆಯ ದಪ್ಪ ಸುತ್ತಲೂ ಒಂದೇ ಇರಬೇಕು. ಒಂದು ಕಡೆ ತೆಳ್ಳಗಿದ್ದರೆ ಸೀಳುವುದು ಅಲ್ಲಿಯೇ. ಅಳತೆಯ ಅಂಕಿ ಬಣ್ಣದಲ್ಲಿ ಅಚ್ಚಾಗಿರದೆ ಕೆತ್ತಿರಬೇಕು. ರ‍್ಯಾಚೆಟ್ಟಿಗೆ ಸಿಕ್ಕಿಸಿ ತಲೆಕೆಳಗೆ ಹಿಡಿದಾಗ ಸಾಕೆಟ್ ಉದುರಬಾರದು. ಕ್ರೋಮ್ ವೆನೇಡಿಯಂ ಎಂಬ ಬರಹ ಎಲ್ಲದರ ಮೇಲೂ ಇರುವುದರಿಂದ ಅದೊಂದನ್ನೇ ನಂಬಿ ಕೊಳ್ಳುವಂತಿಲ್ಲ. ಗಾಳಿಯ ಅಥವಾ ಬ್ಯಾಟರಿಯ ಇಂಪ್ಯಾಕ್ಟ್ ಗನ್ ಬಳಸುವವರು ಮಾತ್ರ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್‌ಗಳನ್ನೇ ತರಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಆ ಹೊಡೆತಕ್ಕೆ ಚೂರಾಗಿ ಸಿಡಿಯಬಹುದು.

ಹಣ ಒಮ್ಮೆಲೇ ಹಾಕಲಾಗದವರು ಕಾಂಬಿನೇಷನ್ ಸ್ಪ್ಯಾನರ್‌ಗಳಿಂದ ಆರಂಭಿಸಿ, ಬಳಿಕ 3/8ರ ರ‍್ಯಾಚೆಟ್ಟಿನೊಡನೆ ನೋಟ್‌ಬುಕ್ಕಿನಲ್ಲಿ ಬರೆದ ಅಳತೆಗಳ ಆರು ಮೂಲೆಯ ಸಾಕೆಟ್‌ಗಳನ್ನು ಬಿಡಿಯಾಗಿ ಕೊಂಡು, ಮೊದಲ ಸಲ ಟ್ಯಾಪೆಟ್ ಕವರ್ ತೆಗೆಯುವ ಹೊತ್ತಿಗೆ ಟಾರ್ಕ್ ರೆಂಚ್ ತರಬಹುದು. 10ರ ಸಾಕೆಟ್ ಮಾತ್ರ ಎರಡಿರಲಿ. ಎಂಜಿನ್ನಿನ ಸಂದಿಯಲ್ಲಿ ಬಿದ್ದು ಕಾಣೆಯಾಗುವುದು ಯಾವಾಗಲೂ ಅದೇ. ಮೊದಲು ಕೊಂಡ ಅಗ್ಗದ ಪೆಟ್ಟಿಗೆ ಮನೆಯಲ್ಲಿ ಈಗಾಗಲೇ ಇದ್ದರೆ ಎಸೆಯಬೇಡಿ. ಅದರಲ್ಲಿನ 13ರ ಸ್ಪ್ಯಾನರನ್ನು ಕಾಯಿಸಿ ಬಗ್ಗಿಸಿ, ಬಾಯನ್ನು ತೆಳ್ಳಗೆ ಉಜ್ಜಿದರೆ, ಸ್ಟಾರ್ಟರ್ ಮೋಟಾರಿನ ಹಿಂದೆ ಬೇರೆ ಯಾವುದೂ ತಲುಪದ ಆ ಒಂದು ನಟ್ಟಿಗೆ ಅದೇ ಒದಗುತ್ತದೆ.